ಮನೆಮಂದಿಯೆಲ್ಲ ನಿಸರ್ಗ ಉದ್ಯಾನಕ್ಕೆ ಹೊರಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮರಳಬಹುದಾದ, ನಗರದ ಅಂಚಿನ ಉದ್ಯಾನಗಳ ಮಾತು ಇದು. ಮಕ್ಕಳು, ಹಿರಿಯರು, ಬುತ್ತಿ, ಚೀಲ ಎಲ್ಲವನ್ನೂ ಕಟ್ಟಿಕೊಂಡು ಹೊರಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಅರ್ಧದಷ್ಟು ನಮ್ಮ ಮನೆಯವರು ಪಟ್ಟ ಪಾಡಿನಿಂದ ಬಂದವು.

ಯಾವ ಉದ್ಯಾನವನ್ನು ಆರಿಸಿಕೊಳ್ಳಬೇಕು?

ಹತ್ತಿರದ್ದನ್ನು. ಹೆಸರುವಾಸಿಯಾದದ್ದು ಮೂರು ಗಂಟೆಯ ದಾರಿ, ಯಾರೂ ಹೊಗಳದ ಇನ್ನೊಂದು ಮುಕ್ಕಾಲು ಗಂಟೆಯ ದಾರಿ ಎಂದಾದರೆ ಎರಡನೆಯದಕ್ಕೇ ನನ್ನ ಮತ. ಹೋಗಿ ಬರುವ ಪ್ರಯಾಣಕ್ಕೆ ಹಿಡಿಯುವ ಹೊತ್ತಿನ ಎರಡು ಪಟ್ಟಾದರೂ ಉದ್ಯಾನದೊಳಗೆ ಕಳೆಯುವಂತಿರಬೇಕು. ಇಲ್ಲದಿದ್ದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ವಾಹನದ ಹಿಂಬದಿ ಸೀಟು ಮಾತ್ರ.

ಹೊರಡುವ ಮುನ್ನ ಉದ್ಯಾನದ ಕಚೇರಿಗೆ ಒಂದು ಕರೆ ಮಾಡಿ. ವಾರದ ರಜೆ ಯಾವ ದಿನ, ಬಾಗಿಲು ತೆರೆಯುವುದು ಮತ್ತು ಕೊನೆಯ ಪ್ರವೇಶ ಎಷ್ಟು ಹೊತ್ತಿಗೆ, ಒಳಗೆ ಕುಡಿಯುವ ನೀರಿದೆಯೇ, ಶೌಚಾಲಯಗಳು ಎಷ್ಟು ಮತ್ತು ಎಲ್ಲೆಲ್ಲಿ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಜಾಲತಾಣದ ಮಾಹಿತಿ ಹಳೆಯದಾಗಿರಬಹುದು. ಬಾಗಿಲಿನಲ್ಲಿ ನಿಂತು "ಇವತ್ತು ರಜೆ" ಎಂಬ ಫಲಕ ಓದುವ ಅವಮಾನವನ್ನು ನಾನು ಒಮ್ಮೆ ಏಳು ಜನರ ಎದುರು ಅನುಭವಿಸಿದ್ದೇನೆ.

ಎಷ್ಟು ಗಂಟೆಗೆ ಹೊರಡುವುದು ಒಳ್ಳೆಯದು?

ಬಾಗಿಲು ತೆರೆಯುವ ಹೊತ್ತಿಗೆ ನೀವು ಅಲ್ಲಿರಬೇಕು. ಸೂರ್ಯ ಹುಟ್ಟಿದ ಮೊದಲ ಎರಡು ಮೂರು ಗಂಟೆಗಳಲ್ಲಿ ಹಕ್ಕಿಗಳ ಓಡಾಟ, ಕೂಗಾಟ ಜೋರಾಗಿರುತ್ತದೆ. ರಾತ್ರಿಯೆಲ್ಲ ಉಪವಾಸವಿದ್ದು ಮೇವಿಗೆ ಇಳಿಯುವ ಹೊತ್ತು ಅದು. ಸಸ್ತನಿಗಳಲ್ಲಿಯೂ ಹಲವು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಮಾತ್ರ ಚುರುಕು. ಹನ್ನೊಂದು ಗಂಟೆಗೆ ಹೋಗಿ "ಇಲ್ಲಿ ಏನೂ ಇಲ್ಲ" ಎನ್ನುವವರು ಅಂಗಡಿ ಬಾಗಿಲು ಹಾಕಿದ ಮೇಲೆ ಹೋದ ಗಿರಾಕಿಗಳಂತೆ.

ಬೇಗ ಏಳಲು ಸಾಧ್ಯವೇ ಇಲ್ಲದ ಮನೆಗಳೂ ಉಂಟು. ಅವರಿಗೊಂದು ಸಮಾಧಾನವಿದೆ, ಅದು ಚಿಟ್ಟೆ. ರೆಕ್ಕೆ ಬಡಿಯುವ ಸ್ನಾಯುಗಳು ಬೆಚ್ಚಗಾಗದೆ ಚಿಟ್ಟೆ ಹಾರಲಾರದು, ಹಾಗಾಗಿ ಬಿಸಿಲೇರಿದ ಮೇಲೆಯೇ ಅದರ ದಿನ ಶುರು. ಏರೋಪ್ಲೇನ್ ಚಿಟ್ಟೆಗಳೂ ಹಾಗೆಯೇ. ತಡವಾಗಿ ಹೋಗುವವರು ಹಕ್ಕಿಯ ಆಸೆ ಬಿಟ್ಟು ಹೂಗಿಡಗಳ ಕಡೆಗೆ, ಕೊಳದ ದಂಡೆಗೆ ನಡೆಯಲಿ.

ಒಂದು ದಿನದಲ್ಲಿ ಎಷ್ಟು ದೂರ ನಡೆಯಬಹುದು? ಎಲ್ಲವನ್ನೂ ನೋಡಿ ಮುಗಿಸಲು ಆಗುತ್ತದೆಯೇ?

ಹೆಚ್ಚಿನ ಪ್ರವಾಸಗಳು ಕೆಡುವುದು ಈ ಎರಡನೆಯ ಪ್ರಶ್ನೆಯಿಂದಲೇ. ಮುಗಿಸಲು ಅದು ಬಾಕಿ ಉಳಿದ ಕೆಲಸವಲ್ಲ.

ನಡಿಗೆಯ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟದ್ದು: ಸಮತಟ್ಟು ದಾರಿಯಲ್ಲಿ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ಪ್ರತಿ ಇರುವೆಸಾಲಿಗೂ ನಿಲ್ಲುವ ನಾಲ್ಕು ವರ್ಷದ ಮಗು ಜೊತೆಗಿದ್ದರೆ ಗಂಟೆಗೆ ಒಂದು, ಹೆಚ್ಚೆಂದರೆ ಎರಡು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಮಗು ನಿಧಾನ ಮಾಡುತ್ತಿದೆ ಎಂದು ರೇಗಬೇಡಿ. ಇರುವೆಸಾಲು ನೋಡುವುದಕ್ಕಾಗಿಯೇ ಅಲ್ಲವೇ ಅಷ್ಟು ದೂರ ಬಂದದ್ದು?

ನನ್ನ ನಿಯಮ ಒಂದೇ: ಗುಂಪಿನಲ್ಲಿ ಯಾರ ಕಾಲು ಎಲ್ಲರಿಗಿಂತ ನಿಧಾನವೋ ಅವರ ಕಾಲಿಗೆ ತಕ್ಕಂತೆ ದಿನವನ್ನು ಹೊಲಿಯಬೇಕು. ಅದು ಅಜ್ಜಿಯದಾಗಿರಬಹುದು, ಪುಟಾಣಿಯದಾಗಿರಬಹುದು, ಮೊನ್ನೆಯಷ್ಟೇ ಜ್ವರದಿಂದ ಎದ್ದ ಅಣ್ಣನದಾಗಿರಬಹುದು. ಉದ್ದ ದಾರಿಯ ಬದಲು ಮತ್ತೆ ಹೊರಟಲ್ಲಿಗೇ ಬಂದು ಸೇರುವ ಎರಡು ಸಣ್ಣ ಸುತ್ತುಗಳನ್ನು ಆರಿಸಿಕೊಳ್ಳಿ. ಮೊದಲ ಸುತ್ತಿನ ಬಳಿಕ ದಣಿದವರು ಮರದಡಿ ಕೂರಬಹುದು, ಉಳಿದವರು ಎರಡನೆಯದಕ್ಕೆ ಹೋಗಬಹುದು. ಯಾರಿಗೂ ತಾನು ಹೊರೆಯಾದೆ ಎನ್ನಿಸುವುದಿಲ್ಲ.

ಜೊತೆಗೆ, ಹಿಂದಿರುಗುವ ಗಂಟೆಯನ್ನು ಮನೆಯಲ್ಲಿಯೇ ನಿಗದಿ ಮಾಡಿ. ಆ ಗಂಟೆ ಬಂದಾಗ ದಾರಿ ಎಷ್ಟೇ ಉಳಿದಿರಲಿ, ತಿರುಗಿ ನಡೆಯಿರಿ. "ಆ ತಿರುವಿನವರೆಗೆ ಮಾತ್ರ" ಎಂಬ ಮಾತನ್ನು ನಂಬಿ ಕತ್ತಲಲ್ಲಿ ಮಗುವನ್ನು ಹೊತ್ತು ಎರಡು ಕಿಲೋಮೀಟರ್ ನಡೆದವನು ಹೇಳುತ್ತಿದ್ದೇನೆ.

ಗಾಲಿಕುರ್ಚಿ ಬಳಸುವವರನ್ನು, ಮಂಡಿನೋವಿನ ಹಿರಿಯರನ್ನು ಕರೆದೊಯ್ಯಬಹುದೇ?

ಖಂಡಿತ. ಆದರೆ "ಗಾಲಿಕುರ್ಚಿ ಹೋಗುತ್ತದೆಯೇ" ಎಂದು ಕೇಳಿದರೆ ಕಚೇರಿಯವರು ಒಳ್ಳೆಯ ಮನಸ್ಸಿನಿಂದ "ಹೋಗುತ್ತದೆ" ಎಂದುಬಿಡುತ್ತಾರೆ. ಬಿಡಿಸಿ ಕೇಳಿ: ದಾರಿಗೆ ಹಾಸಿರುವುದು ಕಲ್ಲೋ, ಜಲ್ಲಿಯೋ, ಮಣ್ಣೋ? ಮಳೆ ಬಂದರೆ ಕೆಸರಾಗುತ್ತದೆಯೇ? ಎಲ್ಲಾದರೂ ಮೆಟ್ಟಿಲುಗಳಿವೆಯೇ? ಅತಿ ಕಿರಿದಾದ ಕಡೆ ಅಗಲ ಎಷ್ಟು? ಇಳಿಜಾರಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ 1:12, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾಗಿದ್ದರೆ ತಳ್ಳುವವರಿಗೂ ಕುಳಿತವರಿಗೂ ಕಷ್ಟ.

ಮಂಡಿನೋವಿನವರಿಗೆ ದಾರಿಯ ಉದ್ದಕ್ಕಿಂತ ಮುಖ್ಯ, ಬೆಂಚಿನಿಂದ ಬೆಂಚಿಗೆ ಎಷ್ಟು ದೂರ ಎಂಬುದು. ಒಂದು ಮಡಚುವ ಕುರ್ಚಿ ಜೊತೆಗಿದ್ದರೆ ಆ ಚಿಂತೆಯೂ ಇಲ್ಲ. ನೋವು ಹೆಚ್ಚುವುದು ಏರುವಾಗಲ್ಲ, ಇಳಿಯುವಾಗ. ಊರುಗೋಲು ಆಗ ಬೇಕಾಗುತ್ತದೆ.

ಕೈಗೂಸನ್ನು ಕರೆದುಕೊಂಡು ಹೋಗಬಹುದೇ?

ಹೋಗಬಹುದು, ನೆರಳಿದ್ದರೆ. ಆರು ತಿಂಗಳೊಳಗಿನ ಶಿಶುಗಳಿಗೆ ಸನ್‌ಸ್ಕ್ರೀನ್ ಹಚ್ಚುವುದಕ್ಕಿಂತ ನೇರ ಬಿಸಿಲಿನಿಂದ ದೂರವಿಡುವುದೇ ಸರಿ ಎನ್ನುತ್ತಾರೆ ವೈದ್ಯರು. ತಳ್ಳುಗಾಡಿಯ ಮೇಲೆ ಬಟ್ಟೆ ಹೊದಿಸಿ ಮುಚ್ಚಬೇಡಿ. ಗಾಳಿಯಾಡದೆ ಒಳಗೆ ಸೆಖೆ ಬೇಗ ಏರುತ್ತದೆ. ಮಣ್ಣುದಾರಿಯಲ್ಲಿ ತಳ್ಳುಗಾಡಿಗಿಂತ ಎದೆಗೆ ಕಟ್ಟಿಕೊಳ್ಳುವ ಚೀಲ ವಾಸಿ.

ನೀರು, ಬಿಸಿಲು, ಬಟ್ಟೆ: ಇವುಗಳ ಲೆಕ್ಕ ಹೇಗೆ?

ಹದವಾದ ಹವೆಯಲ್ಲಿ ನಡೆಯುವ ವಯಸ್ಕರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು. ಸೆಖೆಯಿದ್ದರೆ ಇನ್ನೂ ಹೆಚ್ಚು. ಒಂದು ಲೀಟರ್ ಎಂದರೆ ಒಂದು ಕಿಲೋ ಭಾರ ಎಂಬುದನ್ನು ಮರೆಯಬೇಡಿ. ನಾಲ್ಕು ಜನರ ದಿನದ ನೀರನ್ನು ಒಬ್ಬರ ಹೆಗಲಿಗೇ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಅವರ ಮುಖ ನೋಡಲು ಧೈರ್ಯವಾಗದು. ಅವರವರ ಬಾಟಲಿ ಅವರವರ ಬಳಿ ಇರಲಿ. ಆಟದಲ್ಲಿ ಮುಳುಗಿದ ಮಕ್ಕಳು ಬಾಯಾರಿಕೆ ಹೇಳುವುದಿಲ್ಲ, ಆಗಾಗ ನೀವೇ ಕುಡಿಸಬೇಕು.

ಬೆವರಿ ಸುಸ್ತಾದವರಿಗೆ ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಅಳತೆ ಮೀರಬಾರದು. ಯಾರಾದರೂ ಬಿಸಿಲಿನಲ್ಲಿ ತಡವರಿಸಿ ಮಾತನಾಡಲು ಶುರು ಮಾಡಿದರೆ, ಗೊಂದಲಗೊಂಡರೆ, ಮೈ ಸುಡುತ್ತಿದ್ದರೆ ಅದು ಬರಿಯ ಸುಸ್ತಲ್ಲ, ಶಾಖಾಘಾತ. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಿ, ಆಂಬುಲೆನ್ಸ್ ಕರೆಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೋಡ ಕವಿದಿದೆ ಎಂದು ಟೋಪಿ ಬಿಟ್ಟು ಹೋಗಬೇಡಿ. ತೆಳು ಮೋಡದ ಮೂಲಕ ಅತಿನೇರಳೆ ಕಿರಣಗಳಲ್ಲಿ ಶೇಕಡಾ 80ರವರೆಗೂ ಇಳಿದು ಬರಬಲ್ಲವು. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಸರಿಯಾಗಿ ಹಚ್ಚಿದರೆ, ಚರ್ಮ ಕೆಂಪಾಗಿಸುವ ಕಿರಣಗಳಲ್ಲಿ ಸುಮಾರು 97 ಪಾಲನ್ನು ತಡೆಯುತ್ತದೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಬಟ್ಟೆ: ತುಂಬುತೋಳು, ಉದ್ದ ಪ್ಯಾಂಟು, ಈಗಾಗಲೇ ಹಾಕಿ ಹಳತಾದ ಬೂಟು. ಹೊಸ ಬೂಟಿನ ಉದ್ಘಾಟನೆಗೆ ಬೇರೆ ದಿನ ಹುಡುಕಿ.

ಊಟಕ್ಕೆ ಏನು ಒಯ್ಯಬೇಕು?

ಸೋರದ, ಹಳಸದ, ಬರಿಗೈಯಲ್ಲಿ ತಿನ್ನಬಹುದಾದ ಯಾವುದಾದರೂ ಸರಿ. ಬೇಯಿಸಿದ ಅನ್ನ, ಹಾಲಿನ ಪದಾರ್ಥ, ಮೊಟ್ಟೆ, ಮಾಂಸ ಇಂಥವು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹವೆ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದೇ ಗಂಟೆ. ಮಂಜುಗಡ್ಡೆಯ ಪೆಟ್ಟಿಗೆ ಇಲ್ಲದಿದ್ದರೆ ಒಣ ತಿಂಡಿ, ಇಡೀ ಹಣ್ಣು, ಕಾಳುಬೀಜಗಳೇ ಕ್ಷೇಮ. ಊಟದ ಹೊತ್ತನ್ನು ಹಸಿವಿಗಿಂತ ಅರ್ಧ ಗಂಟೆ ಮುಂಚೆಯೇ ಇಟ್ಟುಕೊಳ್ಳಿ. ಹಸಿದ ಮಗುವಿಗೆ ನವಿಲು ಕುಣಿದರೂ ಕಾಣುವುದಿಲ್ಲ.

ಹಣ್ಣಿನ ಸಿಪ್ಪೆ ಮಣ್ಣಾಗುತ್ತದೆಂದು ಪೊದೆಗೆ ಎಸೆಯುವವರು ಬಹಳ. ಕಿತ್ತಳೆ, ಬಾಳೆಹಣ್ಣಿನ ಸಿಪ್ಪೆಗಳು ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ದಾರಿಬದಿಯಲ್ಲಿ ತಿನಿಸು ಸಿಗುತ್ತದೆ ಎಂದು ಪ್ರಾಣಿಗಳಿಗೆ ಕಲಿಸಿಕೊಡುತ್ತವೆ. ಸಿಪ್ಪೆಗೂ ಒಂದು ಚೀಲ ಇರಲಿ.

ಕೋತಿಗಳಿಗೆ, ಬಾತುಗಳಿಗೆ ಒಂದಿಷ್ಟು ತಿನ್ನಿಸಿದರೆ ತಪ್ಪೇನು?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಕರುಣೆಯುಳ್ಳವರು, ಹಾಗಾಗಿ ಒರಟಾಗಿ ಹೇಳಲು ಮನಸ್ಸಾಗುವುದಿಲ್ಲ. ಆದರೂ ಹೇಳಲೇಬೇಕು: ತಪ್ಪು. ಬಾತುಗಳಿಗೆ ಬ್ರೆಡ್ ಹೊಟ್ಟೆ ತುಂಬಿಸುತ್ತದೆ, ಪೋಷಣೆ ಕೊಡುವುದಿಲ್ಲ. ತಿನ್ನದೆ ಉಳಿದದ್ದು ನೀರಿನಲ್ಲಿ ಕೊಳೆತು ಪಾಚಿ ಬೆಳೆಸುತ್ತದೆ. ಕೈಯಿಂದ ತಿಂದು ರೂಢಿಯಾದ ಕೋತಿ ನಾಳೆ ಇನ್ನೊಬ್ಬರ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ. ಆಮೇಲೆ ಜನ ದೂರು ಕೊಡುವುದು ಕೋತಿಯ ಮೇಲೆ, ತಿನ್ನಿಸಿದವರ ಮೇಲಲ್ಲ.

ಕೋತಿ ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಿರಿದು ನಗಬೇಡಿ. ನಮ್ಮ ನಗು ಅದರ ಭಾಷೆಯಲ್ಲಿ ಬೆದರಿಕೆಯಂತೆ ಕಾಣಬಹುದು. ಬೆನ್ನು ತಿರುಗಿಸಿ ಓಡದೆ ಮೆಲ್ಲನೆ ಹಿಂದೆ ಸರಿಯಿರಿ. ಈಗಾಗಲೇ ಕಿತ್ತುಕೊಂಡಿದ್ದರೆ ಬಿಟ್ಟುಬಿಡಿ, ಜಗ್ಗಾಡಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ರೇಬಿಸ್ ವಿಷಯದಲ್ಲಿ ನಾಳೆ ನೋಡೋಣ ಎನ್ನುವುದು ಸಲ್ಲದು.

ಜೇನು, ಹಾವು, ಉಣ್ಣಿ, ಜಿಗಣೆ ಎಂದರೆ ಮನೆಯಲ್ಲಿ ಎಲ್ಲರಿಗೂ ಭಯ. ಏನು ಮಾಡಲಿ?

ಇವುಗಳಲ್ಲಿ ನಾನು ನಿಜವಾಗಿ ಹೆದರುವುದು ಜೇನಿಗೆ. ಒಂದು ನೊಣ ಚುಚ್ಚಿದಾಗ ಹೊರಬೀಳುವ ರಾಸಾಯನಿಕ ಉಳಿದವನ್ನು ಕೂಗಿ ಕರೆಯುತ್ತದೆ. ಅದರ ಮುಖ್ಯ ಅಂಶವಾದ ಐಸೊಪೆಂಟೈಲ್ ಅಸಿಟೇಟ್‌ಗೆ ಮಾಗಿದ ಬಾಳೆಹಣ್ಣಿನ ವಾಸನೆ. ಗೂಡಿನ ಕೆಳಗೆ ಹೊಗೆ ಹಾಕುವುದು, ಕಲ್ಲು ಬೀರುವುದು, ಗಲಾಟೆ ಮಾಡುವುದು ಬೇಡ. ಗುಂಪು ಎದ್ದರೆ ಕೈ ಬೀಸುತ್ತಾ ನಿಲ್ಲದೆ, ಮುಖ ಮುಚ್ಚಿಕೊಂಡು ಓಡಿ ಕಟ್ಟಡದ ಒಳಗೋ ವಾಹನದ ಒಳಗೋ ಸೇರಿಕೊಳ್ಳಿ. ಕೊಳಕ್ಕೆ ಹಾರಿದರೆ ಪ್ರಯೋಜನವಿಲ್ಲ, ತಲೆ ಎತ್ತುವುದನ್ನೇ ಅವು ಕಾಯುತ್ತವೆ. ಚುಚ್ಚಿದ ಮುಳ್ಳಿನ ಜೊತೆಗಿರುವ ವಿಷದ ಚೀಲ ಕಳಚಿ ಬಂದ ಮೇಲೂ ವಿಷ ಊಡುತ್ತಲೇ ಇರುತ್ತದೆ, ಆದ್ದರಿಂದ ಹೇಗೆ ತೆಗೆಯುತ್ತೀರಿ ಎನ್ನುವುದಕ್ಕಿಂತ ಎಷ್ಟು ಬೇಗ ಎನ್ನುವುದು ಮುಖ್ಯ. ಉಸಿರಾಟ ಕಷ್ಟವಾದರೆ, ತುಟಿ ನಾಲಿಗೆ ಊದಿಕೊಂಡರೆ ತಕ್ಷಣ ಆಸ್ಪತ್ರೆ.

ಹಾವು ಕಂಡರೆ ನಿಲ್ಲಿ, ದೂರ ಸರಿಯಿರಿ, ದಾರಿ ಬಿಡಿ. ಫೋಟೋಗಾಗಿ ಮುಂದೆ ಬಾಗಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಉಂಗುರ ಗಡಿಯಾರಗಳನ್ನು ಬಿಚ್ಚಿ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಉಣ್ಣಿ ಕಚ್ಚಿ ಹಿಡಿದಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಜಿಗಣೆಯನ್ನು ಉಗುರಿನಿಂದ ಜಾರಿಸಿ ಬಿಡಿಸಿದರೆ ಸಾಕು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಗಾಬರಿ ಬೇಡ.

ಮಳೆ ಬಂದರೆ ಯೋಜನೆ ಕೈಬಿಡಬೇಕೇ?

ಬರಿಯ ಮಳೆಯಾದರೆ ಬೇಡ. ಕಪ್ಪೆ, ಬಸವನಹುಳು, ಅಣಬೆಗಳ ಹಬ್ಬ ಆಗಲೇ (ಅಣಬೆಯನ್ನು ನೋಡಿ, ಬಾಯಿಗೆ ಹಾಕಬೇಡಿ). ಒಣನೆಲಕ್ಕೆ ಮೊದಲ ಹನಿ ಬಿದ್ದಾಗ ಏಳುವ ಆ ಘಮಕ್ಕೆ 1964ರಲ್ಲಿ ಇಬ್ಬರು ಆಸ್ಟ್ರೇಲಿಯನ್ ವಿಜ್ಞಾನಿಗಳು "ಪೆಟ್ರಿಕೋರ್" ಎಂದು ಹೆಸರಿಟ್ಟರು. ಅದರಲ್ಲಿರುವ ಮಣ್ಣಿನ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು, ಅದನ್ನು ತಯಾರಿಸುವುದು ಮಣ್ಣಿನ ಬ್ಯಾಕ್ಟೀರಿಯಾಗಳು. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಮಣ್ಣಿಗೆ ಮೂಗು ತಾಗಿಸಿ ಕೂರುತ್ತಾರೆ.

ಸಿಡಿಲಿನ ಮಾತೇ ಬೇರೆ. ಮಿಂಚು ಕಂಡ ಕೂಡಲೇ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ, ಕಟ್ಟಡವನ್ನೋ ಮುಚ್ಚಿದ ವಾಹನವನ್ನೋ ಸೇರಿ. ಕೊನೆಯ ಗುಡುಗಿನ ಬಳಿಕ 30 ನಿಮಿಷ ಹೊರಬರಬೇಡಿ. ಒಂಟಿಮರದ ಅಡಿ, ವೀಕ್ಷಣಾ ಗೋಪುರ, ಕೆರೆದಂಡೆ ಈ ಮೂರೂ ಆ ಹೊತ್ತಿನಲ್ಲಿ ಕೆಟ್ಟ ಜಾಗಗಳು.

ಮಗು ತಪ್ಪಿಸಿಕೊಂಡರೆ?

ಇದರ ತಯಾರಿ ಬಾಗಿಲಿನಲ್ಲಿಯೇ ಆಗಬೇಕು. ಎದ್ದು ಕಾಣುವ ಬಣ್ಣದ ಅಂಗಿ ತೊಡಿಸಿ. ಒಳಗೆ ಹೋಗುವ ಮುನ್ನ ಮಗುವಿನ ಒಂದು ಫೋಟೋ ತೆಗೆಯಿರಿ. ಗಾಬರಿಯಲ್ಲಿ "ಯಾವ ಬಣ್ಣದ ಅಂಗಿ" ಎಂದು ಕೇಳಿದರೆ ಹೆತ್ತವರಿಗೂ ನೆನಪಾಗುವುದಿಲ್ಲ. ನಕ್ಷೆಯ ಫಲಕದ್ದೂ ಒಂದು ಫೋಟೋ ಇರಲಿ. ಮೊಬೈಲ್ ಸಂಖ್ಯೆಯನ್ನು ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ಬರೆಯಿರಿ. ಕೊರಳಿಗೆ ಒಂದು ಸೀಟಿ ಕಟ್ಟಿ: ಮೂರು ಬಾರಿ ಊದಿದರೆ ಸಹಾಯ ಬೇಕು ಎಂದರ್ಥ.

ಮಗುವಿಗೆ ಕಲಿಸಬೇಕಾದ ಪಾಠ ಒಂದೇ. ದಾರಿ ತಪ್ಪಿತು ಎನ್ನಿಸಿದ ಕೂಡಲೇ ಹತ್ತಿರದ ಮರವನ್ನು ಅಪ್ಪಿಕೊಂಡು ಅಲ್ಲೇ ಇರು. ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ 1981ರಲ್ಲಿ ಒಬ್ಬ ಹುಡುಗ ಕಾಡಿನಲ್ಲಿ ಕಳೆದುಹೋಗಿ ತೀರಿಕೊಂಡ ಬಳಿಕ, ಹುಡುಕಾಟಕ್ಕೆ ಹೋದವರು ಮಕ್ಕಳಿಗಾಗಿ ರೂಪಿಸಿದ ಪಾಠವಿದು. ನಿಂತಲ್ಲೇ ನಿಂತ ಮಗು ಬೇಗ ಸಿಗುತ್ತದೆ. ಅಪ್ಪ ಅಮ್ಮನನ್ನು ಹುಡುಕುತ್ತಾ ನಡೆದ ಮಗು ದೂರವಾಗುತ್ತಲೇ ಹೋಗುತ್ತದೆ. "ಯಾರೂ ಬೈಯುವುದಿಲ್ಲ" ಎಂದೂ ಹೇಳಿಡಿ. ಬೈಗುಳಕ್ಕೆ ಹೆದರಿ ಅಡಗಿ ಕೂರುವ ಮಕ್ಕಳಿರುತ್ತಾರೆ.

ಮಕ್ಕಳು ಅರ್ಧ ಗಂಟೆಯಲ್ಲಿ "ಬೇಸರ" ಎನ್ನುತ್ತಾರೆ. ಮೊಬೈಲ್ ಕೊಡಬಹುದೇ?

ಮೊದಲು ಕೆಲಸ ಕೊಡಿ. ಒಬ್ಬರು ನಕ್ಷೆ ಹಿಡಿಯಲಿ, ಒಬ್ಬರು ಸಮಯ ನೋಡಲಿ. ಮರದ ಎತ್ತರ ಅಳೆಸಿ: ತೋಳಿನಷ್ಟೇ ಉದ್ದದ ಕೋಲನ್ನು ಚಾಚಿದ ಕೈಯಲ್ಲಿ ನೆಟ್ಟಗೆ ಹಿಡಿದು, ಕೋಲಿನ ಬುಡ ಮರದ ಬುಡಕ್ಕೂ ತುದಿ ಮರದ ತುದಿಗೂ ಸರಿಹೊಂದುವವರೆಗೆ ಹಿಂದೆ ಹಿಂದೆ ನಡೆಯಬೇಕು. ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಹೆಚ್ಚುಕಡಿಮೆ ಅಷ್ಟು ಎತ್ತರ. ಹೆಜ್ಜೆ ಎಣಿಸುತ್ತಾ ವಾಪಸು ಬರುವಾಗ ಯಾರಿಗೂ ಬೇಸರ ನೆನಪಿರುವುದಿಲ್ಲ.

ಮೊಬೈಲ್ ಒಂದೇ ಇರಲಿ, ಗುಂಪಿಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯದ "ಮರ್ಲಿನ್" ಆ್ಯಪ್ ಹಕ್ಕಿಯ ಕೂಗು ಕೇಳಿ ಹೆಸರು ಸೂಚಿಸುತ್ತದೆ. ನಿಮ್ಮ ಪ್ರದೇಶದ ಮಾಹಿತಿಯನ್ನು ಮನೆಯಲ್ಲೇ ಇಳಿಸಿಕೊಂಡರೆ ಸಂಪರ್ಕವಿಲ್ಲದ ಕಡೆಯೂ ನಡೆಯುತ್ತದೆ. ಅದು ಕೆಲವೊಮ್ಮೆ ತಪ್ಪು ಹೆಸರನ್ನೂ ಹೇಳುತ್ತದೆ. ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳುವುದೇ ಆಟ. ಆದರೆ ಹಕ್ಕಿಯನ್ನು ಕರೆಯಲೆಂದು ಕೂಗಿನ ಧ್ವನಿಮುದ್ರಣ ಹಾಕಬೇಡಿ. ಗೂಡು ಕಟ್ಟುವ ಕಾಲದಲ್ಲಿ, ತನ್ನ ಜಾಗಕ್ಕೆ ಪರಕೀಯ ನುಗ್ಗಿದ್ದಾನೆಂದು ಅದು ಮರಿಗಳನ್ನು ಬಿಟ್ಟು ಹೋರಾಟಕ್ಕೆ ಬರುತ್ತದೆ.

ದುರ್ಬೀನು ಕೊಳ್ಳಬೇಕೇ?

ಮೊದಲ ಸಲಕ್ಕೆ ಬೇಡ, ಎರವಲು ಪಡೆಯಿರಿ. ಕೊಳ್ಳುವುದಾದರೆ 8x42 ಎಂದು ಬರೆದಿರುವುದು ಸಾಮಾನ್ಯವಾಗಿ ಹೊಂದುತ್ತದೆ: ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ವ್ಯಾಸ 42 ಮಿಲಿಮೀಟರ್. ಹನ್ನೆರಡು ಪಟ್ಟಿನದು ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ಕೈ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ಸಾಕುನಾಯಿಯನ್ನು ಕರೆತರಬಹುದೇ?

ಬೇಡ. ಅನೇಕ ಉದ್ಯಾನಗಳಲ್ಲಿ ನಿಷೇಧವಿದೆ. ಇಲ್ಲದ ಕಡೆಯೂ ನಾಯಿ ಕಂಡರೆ ಸಾಕು, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ಎದ್ದು ಹೋಗುತ್ತವೆ. ಕರೆತಂದು ಕಾರಿನಲ್ಲಿ ಕೂಡಿಹಾಕುವುದಂತೂ ಕ್ರೌರ್ಯ. ಬಿಸಿಲಿಗೆ ನಿಂತ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 11 ಡಿಗ್ರಿ ಸೆಲ್ಸಿಯಸ್ ಏರಬಲ್ಲದು, ಕಿಟಕಿ ಸ್ವಲ್ಪ ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಮಲಗಿದ ಮಗುವಿಗೂ ಇದೇ ಮಾತು.

ಇಷ್ಟೆಲ್ಲ ಮಾಡಿಯೂ ಒಂದು ಪ್ರಾಣಿಯೂ ಕಾಣದಿದ್ದರೆ ದಿನ ವ್ಯರ್ಥವಲ್ಲವೇ?

ಒಂದು ಕಡೆ ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ಕುಳಿತಿದ್ದೀರಾ? ಇಲ್ಲವೆಂದರೆ ಕಾಣದಿರುವುದು ಸಹಜ. ನಾವು ಒಳಹೊಕ್ಕ ಸದ್ದಿಗೆ ಅಡಗಿದ ಜೀವಗಳು ಮತ್ತೆ ಹೊರಬರಲು ಅಷ್ಟು ಹೊತ್ತಾದರೂ ಬೇಕು. ಮೊದಲ ಮೂರು ನಿಮಿಷ ಮಕ್ಕಳು ಕಿಸಕ್ಕೆನ್ನುತ್ತಾರೆ, ಐದನೆಯ ನಿಮಿಷಕ್ಕೆ ಯಾರಾದರೂ ಬೆರಳು ತೋರಿಸುತ್ತಾರೆ.

ಏನೂ ಕಾಣಲಿಲ್ಲ ಎಂದೇ ಇಟ್ಟುಕೊಳ್ಳಿ. 2019ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಅಧ್ಯಯನವೊಂದರಲ್ಲಿ, ವಾರಕ್ಕೆ 120 ನಿಮಿಷವಾದರೂ ನಿಸರ್ಗದ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೆಚ್ಚಾಗಿ ಹೇಳಿದರು. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂದೂ ವಾದಿಸಬಹುದು, ಅದು ಬೇರೆ. ಆ ನಿಮಿಷಗಳನ್ನು ಒಂದೇ ಸಲ ಕಳೆದರೂ ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಹುಲಿ ಕಂಡಿತೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಮರಳಿದ ಮೇಲೆ ಏನಾದರೂ ಮಾಡಬೇಕೇ?

ಸ್ನಾನಕ್ಕೆ ಮುನ್ನ ಉಣ್ಣಿಗಳಿಗಾಗಿ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ನೆತ್ತಿ ನೋಡಿ. ಬೂಟಿನ ಅಡಿಯ ಮಣ್ಣನ್ನು ಅಲ್ಲಿಯೇ, ಉದ್ಯಾನದ ಬಾಗಿಲಿನಲ್ಲೇ, ಕೆರೆದು ಹಾಕಿ ಬನ್ನಿ. ಒಂದು ಕಡೆಯ ಕಳೆಬೀಜ ಇನ್ನೊಂದು ಕಡೆಗೆ ಹೋಗುವುದು ನಮ್ಮ ಪಾದಗಳಲ್ಲೇ. ಕಾಲುಚೀಲಕ್ಕೆ ಅಂಟಿದ ಮುಳ್ಳುಬೀಜಗಳನ್ನು ಕಸದ ಬುಟ್ಟಿಗೆ ಹಾಕುವ ಮುನ್ನ ಭೂತಗನ್ನಡಿಯಲ್ಲಿ ಮಕ್ಕಳಿಗೆ ತೋರಿಸಿ. ತುದಿಯಲ್ಲಿ ಸಣ್ಣ ಸಣ್ಣ ಕೊಕ್ಕೆಗಳಿರುತ್ತವೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ನಾಯಿಯ ಜೊತೆ ಸುತ್ತಾಡಿ ಬಂದು, ಅದರ ಮೈಗೆ ಅಂಟಿದ್ದ ಇಂಥದೇ ಬೀಜಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಮಕ್ಕಳ ಬೂಟಿನ ಮೇಲೆ ಪರ‍್ರೆಂದು ಬಿಚ್ಚಿಕೊಳ್ಳುವ ವೆಲ್ಕ್ರೋ ಪಟ್ಟಿ ಹುಟ್ಟಿದ್ದು ಹಾಗೆ.